ಕೊಂಡ ರೊಟ್ಟಿ, ಬಡಿದ ರೊಟ್ಟಿ: ಬಿಳಿಜೋಳದ ನಾಡಿನಲ್ಲಿ ಸಿದ್ಧ ಆಹಾರದ ಲೆಕ್ಕಾಚಾರ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯು ರೊಟ್ಟಿ, ಚಪಾತಿ ಮತ್ತು ಖಾಖ್ರಾಗಳ ಮೇಲಿದ್ದ ಶೇ. 5ರ ತೆರಿಗೆಯನ್ನೂ ಪರೋಟದ ಮೇಲಿದ್ದ ಶೇ. 18ರ ತೆರಿಗೆಯನ್ನೂ ಪೂರ್ಣವಾಗಿ ತೆಗೆದುಹಾಕಿತು. ಅದೇ ತಿಂಗಳ 22ರಿಂದ ಈ ನಿರ್ಧಾರ ಜಾರಿಗೆ ಬಂದಿದೆ. ಪತ್ರಿಕೆಗಳಲ್ಲಿ ಇದು ನಗರದ ಗ್ರಾಹಕರಿಗೆ ಸಂಬಂಧಿಸಿದ ಸುದ್ದಿಯಾಗಿ ಬಂದುಹೋಯಿತು. ಆದರೆ ಸಿದ್ಧಪಡಿಸಿ ಮಾರುವ ಆಹಾರಗಳಲ್ಲಿ ನಮ್ಮ ಎರೆಭೂಮಿಯ ಕಾಳನ್ನೇ ನೇರವಾಗಿ ಅವಲಂಬಿಸಿರುವುದು ಖಡಕ್ ಜೋಳದ ರೊಟ್ಟಿ. ಆದ್ದರಿಂದ ಈ ವಿಷಯವನ್ನು ಬಿಳಿಜೋಳ ಬೆಳೆಯುವವರ ಕಡೆಯಿಂದಲೂ ನೋಡಬೇಕಾಗಿದೆ. ಅಂಗಡಿಯ ರೊಟ್ಟಿಯ ಅನುಕೂಲವು ಅದಕ್ಕೆ ಕೊಡುವ ಹಣಕ್ಕೆ ತಕ್ಕುದೇ? ಆ ಹಣದಲ್ಲಿ ಬೆಳೆದವರಿಗೆಷ್ಟು, ಬಡಿದವರಿಗೆಷ್ಟು? ಈ ಲೇಖನದಲ್ಲಿ ಈ ಎರಡು ಪ್ರಶ್ನೆಗಳನ್ನು ಅಂಕಿಗಳೊಂದಿಗೆ ಪರಿಶೀಲಿಸಲಾಗಿದೆ.

ಕೊಂಡ ರೊಟ್ಟಿ ಈಗ ನಗರಕ್ಕೆ ಸೀಮಿತವಾಗಿಲ್ಲ. ಕಾಖಂಡಕಿ, ಸಾರವಾಡ, ಬಬಲೇಶ್ವರ, ತಿಕೋಟಾ ಭಾಗದ ಹಳ್ಳಿಗಳಲ್ಲಿ ದ್ರಾಕ್ಷಿ ತೋಟದ ಚಾಟನಿ ಕೆಲಸಕ್ಕೋ ಕಬ್ಬಿನ ಗದ್ದೆಗೋ ಗಂಡಹೆಂಡಿರಿಬ್ಬರೂ ಬೆಳಗಾಗುತ್ತಲೇ ಹೊರಡುವ ಮನೆಗಳಿವೆ. ಇಂಥ ಮನೆಗಳಲ್ಲಿ ಹೊಲದ ಜೋಳವನ್ನು ಮಾರುಕಟ್ಟೆಗೆ ಹಾಕಿ, ಸಂತೆಯಿಂದ ರೊಟ್ಟಿಯ ಕಟ್ಟು ತರುವುದೂ ಉಂಟು. ‘ಮನೆಯಲ್ಲಿ ಜೋಳ ಇಟ್ಟುಕೊಂಡು ರೊಟ್ಟಿ ಕೊಳ್ಳುವುದೇ’ ಎಂದು ಹಿರಿಯರು ಆಡಿಕೊಳ್ಳುತ್ತಾರೆ. ಆ ಮಾತಿನಲ್ಲಿ ಮೈಗಳ್ಳತನದ ಆರೋಪವಿದೆ. ಲೆಕ್ಕ ಮಾತ್ರ ಇಲ್ಲ. ಅದೂ ಅಲ್ಲದೆ ಈ ಆರೋಪ ಯಾವಾಗಲೂ ಮನೆಯ ಹೆಣ್ಣುಮಕ್ಕಳ ಮೇಲೆಯೇ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಜೋಳ ಮಾರಿದವನನ್ನು ಯಾರೂ ಕೇಳುವುದಿಲ್ಲ.

ಸಿದ್ಧ ಆಹಾರವೆಂಬುದು ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಗಾಡಿ ಕಟ್ಟಿಕೊಂಡು ಜಾತ್ರೆಗೆ, ಯಾತ್ರೆಗೆ ಹೊರಟವರ ಬುತ್ತಿಯಲ್ಲಿ ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇರುತ್ತಿದ್ದವು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಇಂದಿಗೂ ಊರೂರಿನ ಮನೆಗಳಿಂದ ಲಕ್ಷಗಟ್ಟಲೆ ರೊಟ್ಟಿ ಬಂದು ಸೇರುತ್ತದೆ. ಒಣಗಿಸಿದ ರೊಟ್ಟಿ ಕೆಡುವುದಿಲ್ಲ ಎಂಬ ತಿಳಿವಳಿಕೆಯಿಲ್ಲದೆ ಅಂಥ ವ್ಯವಸ್ಥೆ ಸಾಧ್ಯವೇ ಇರಲಿಲ್ಲ. ಗಡಿಯಾಚೆಯ ಸೊಲ್ಲಾಪುರದಲ್ಲಿ ಕಡಕ್ ಭಾಕರಿ ಎಂಬ ಹೆಸರಿನಲ್ಲಿ ಇದೇ ರೊಟ್ಟಿ ಮಹಿಳೆಯರ ಗೃಹೋದ್ಯಮವಾಗಿ ಬೆಳೆದಿದೆ. ಕಲಬುರಗಿ ಜಿಲ್ಲಾಡಳಿತವು ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ತಂದಿದೆ. ಹಿಂದೆ ಬುತ್ತಿಯಾಗಿದ್ದದ್ದು ಈಗ ಪೊಟ್ಟಣದ ಸರಕಾಗಿದೆ. ಸರಕಾದ ಮೇಲೆ ಅದರ ತೂಕ, ದರ, ಪಾಲುಗಳನ್ನು ಕೇಳುವುದು ತಪ್ಪಲ್ಲ.

ರೊಟ್ಟಿಗೆ ಇಷ್ಟೊಂದು ದುಡಿಮೆ ಏಕೆ?

ಗೋಧಿಯಲ್ಲಿರುವ ಅಂಟು, ಅಂದರೆ ಗ್ಲುಟೆನ್, ಜೋಳದಲ್ಲಿಲ್ಲ. ಆದ್ದರಿಂದ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಲಟ್ಟಿಸಿದರೆ ಅಂಚು ಬಿರಿಯುತ್ತದೆ. ಎಸರು ಹಾಕಿದಾಗ ಹಿಟ್ಟಿನ ಪಿಷ್ಟದ ಒಂದು ಭಾಗ ಬೆಂದು ಅಂಟಿನ ಗುಣ ಪಡೆಯುತ್ತದೆ. ನಮ್ಮ ಭಾಗದಲ್ಲಿ ಜಿಗಿ ಎನ್ನುವುದು ಇದನ್ನೇ. ಆ ಜಿಗಿ ಅಲ್ಪಕಾಲದ್ದು. ಹಾಗಾಗಿ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ನಾದಿ, ಒಂದೊಂದೇ ಉಂಡೆಯನ್ನು ಕೈಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ ಬಳಿಕ ತೆಗೆಯಬೇಕು. ಖಡಕ್ ರೊಟ್ಟಿಯಾದರೆ ಇನ್ನೂ ತೆಳುವಾಗಿ ಬಡಿದು, ಬೆಂದ ಮೇಲೆ ಸಣ್ಣ ಉರಿಯಲ್ಲಿ ತೇವವೆಲ್ಲ ಹೋಗುವಂತೆ ಒಣಗಿಸಬೇಕು. ಒಂದು ಕಿಲೋ ಹಿಟ್ಟಿಗೆ ಗಾತ್ರ ನೋಡಿ 20ರಿಂದ 25 ರೊಟ್ಟಿಗಳಾಗುತ್ತವೆ. ನುರಿತ ಕೈಗೂ ಇದು ಸುಮಾರು ಒಂದು ಗಂಟೆಯ ಕೆಲಸ. ಬೇಸಿಗೆಯಲ್ಲಿ ಒಲೆಯ ಮುಂದೆ ಆ ಒಂದು ಗಂಟೆ ಎಷ್ಟು ದೀರ್ಘವೆಂಬುದು ಬಡಿದವರಿಗೇ ಗೊತ್ತು.

ಹಿಟ್ಟು ಹಳೆಯದಾದಷ್ಟೂ ರೊಟ್ಟಿ ಹರಿಯುತ್ತದೆ. ಮೊಳಕೆಯ ಭಾಗದಲ್ಲಿರುವ ಎಣ್ಣೆಯ ಅಂಶ ಗಾಳಿಗೆ ಕಮಟು ಹಿಡಿಯುತ್ತದೆ. ಆದಕಾರಣ ಹದಿನೈದು ದಿನಕ್ಕೆ ಬೇಕಾಗುವಷ್ಟನ್ನೇ ಬೀಸಿಸುವ ನಮ್ಮ ಮನೆಗಳ ರೂಢಿ ಸರಿಯಾದುದೇ. ಪಟ್ಟಣದ ಗ್ರಾಹಕರು ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಹಿಟ್ಟು ತಂದು ರೊಟ್ಟಿ ಮಾಡಲಾಗದೆ ಸೋಲುವುದಕ್ಕೆ ಕೈಗುಣದ ಕೊರತೆಗಿಂತ ಹಿಟ್ಟಿನ ವಯಸ್ಸೇ ಹೆಚ್ಚಾಗಿ ಕಾರಣ. ಸಿದ್ಧ ರೊಟ್ಟಿಗೆ ಬೇಡಿಕೆ ಹುಟ್ಟುವುದು ಇಲ್ಲಿಯೇ.

ತೂಕದಲ್ಲಿ ಅಡಗಿರುವ ದರ

ಅಮೆರಿಕದಲ್ಲಿ ಬೇಕನ್ ಎಂಬ ಉಪ್ಪೂಡಿಸಿದ ಹಂದಿಮಾಂಸದ ಪಟ್ಟಿಗಳನ್ನು ಮೊದಲೇ ಬೇಯಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ನಮ್ಮ ಊಟಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಅದರ ಲೆಕ್ಕ ನಮಗೆ ಉಪಯುಕ್ತ. ಬೇಯಿಸಿದಾಗ ಅದರ ನೀರು ಮತ್ತು ಕೊಬ್ಬು ಇಳಿದುಹೋಗುತ್ತವೆ. ಬೆಂದ ಬೇಕನ್‌ನ ತೂಕ ಹಸಿ ತೂಕದ ಶೇ. 40ನ್ನು ಮೀರಬಾರದೆಂದು ಅಲ್ಲಿನ ಕೃಷಿ ಇಲಾಖೆಯ ನಿಯಮವಿದೆ. ಎಂದರೆ ಒಂದು ಕಿಲೋ ಹಸಿಯದು ಬೆಂದ ಮೇಲೆ ಹೆಚ್ಚೆಂದರೆ 400 ಗ್ರಾಂ. ಇದನ್ನರಿಯದ ಗ್ರಾಹಕರು ಕಿಲೋ ದರ ಹೋಲಿಸಿ ಬೆಂದದ್ದು ಬಹಳ ದುಬಾರಿಯೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ವ್ಯತ್ಯಾಸ ಅಷ್ಟಿರುವುದಿಲ್ಲ.

ಖಡಕ್ ರೊಟ್ಟಿಯ ಸಂಗತಿ ಬೇರೆ. ಜೋಳದ ಹಿಟ್ಟಿನಲ್ಲಿ ಸುಮಾರು ಶೇ. 10ರಷ್ಟು ತೇವಾಂಶವಿರುತ್ತದೆ, ಚೆನ್ನಾಗಿ ಒಣಗಿದ ರೊಟ್ಟಿಯಲ್ಲಿ ಶೇ. 5ರಷ್ಟು ಉಳಿಯಿತೆಂದು ಹಿಡಿಯಿರಿ. ಕಲಸುವಾಗ ಹಾಕಿದ ನೀರೆಲ್ಲ ಹಂಚಿನ ಮೇಲೆ ಆರಿಹೋಗುವುದರಿಂದ ಒಂದು ಕಿಲೋ ಹಿಟ್ಟು ಸುಮಾರು 950 ಗ್ರಾಂ ರೊಟ್ಟಿಯಾಗುತ್ತದೆ. ಹಿಟ್ಟಿನ ತೂಕವೂ ರೊಟ್ಟಿಯ ತೂಕವೂ ಬಹುಪಾಲು ಒಂದೇ. ಹಾಗಾಗಿ ಕಿಲೋ ಹಿಟ್ಟಿನ ದರದೊಡನೆ ಕಿಲೋ ರೊಟ್ಟಿಯ ದರವನ್ನು ನೇರವಾಗಿ ಹೋಲಿಸಬಹುದು. ಮೆತ್ತನೆಯ ಬಿಸಿರೊಟ್ಟಿಗೆ ಈ ಲೆಕ್ಕ ಹೊಂದದು. ಅದರ ತೂಕದಲ್ಲಿ ನೀರಿನ ಪಾಲು ದೊಡ್ಡದು.

ತೊಡಕಿರುವುದು ರೊಟ್ಟಿಯನ್ನು ಎಣಿಸಿ ಮಾರುವುದರಲ್ಲಿ. ಕಿಲೋ ಹಿಟ್ಟಿಗೆ 22 ರೊಟ್ಟಿಯಾದರೆ ಒಂದರ ತೂಕ ಸುಮಾರು 43 ಗ್ರಾಂ. ಅದೇ ಅಗಲದಲ್ಲಿ ತೆಳುವಾಗಿ ಬಡಿದು 30 ಗ್ರಾಂಗೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ತೋರುವುದಿಲ್ಲ. ಒಂದಕ್ಕೆ 6 ರೂಪಾಯಿ ದರವೆಂದು ಭಾವಿಸಿದರೆ 43 ಗ್ರಾಂ ರೊಟ್ಟಿ ಕಿಲೋಗೆ ಸುಮಾರು 140 ರೂಪಾಯಿ ಬೀಳುತ್ತದೆ, 30 ಗ್ರಾಂ ರೊಟ್ಟಿ 200 ರೂಪಾಯಿ. ಹತ್ತು ರೊಟ್ಟಿಗಳನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿದರೆ ಸಾಕು, ನಿಮ್ಮ ಊರಿನ ಅಂಗಡಿಯ ನಿಜವಾದ ದರ ತಿಳಿಯುತ್ತದೆ.

ತೂಕದ ಬಗ್ಗೆ ಇನ್ನೊಂದು ಮಾತು. ಒಣರೊಟ್ಟಿ ಹಗುರ, ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ಮಧುಮೇಹವುಳ್ಳವರಲ್ಲಿದೆ. ನೀರು ಹೋದುದರಿಂದ ಹಗುರವಾಗಿದೆಯೇ ಹೊರತು ಹಿಟ್ಟು ಕಡಿಮೆಯಾಗಿಲ್ಲ. ಜೋಳದಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಮತ್ತು 67 ಗ್ರಾಂ ಶರ್ಕರಪಿಷ್ಟವಿದೆ. ನಾರು ಅಧಿಕವಾಗಿರುವುದು ಒಳ್ಳೆಯದೇ. ಆದರೆ ಮೇಲೆ ಹೇಳಿದ ಗಾತ್ರದ ಪ್ರತಿ ರೊಟ್ಟಿಯೂ ಸುಮಾರು 30 ಗ್ರಾಂ ಶರ್ಕರಪಿಷ್ಟ ಕೊಡುತ್ತದೆ. ಆದ್ದರಿಂದ ಎಣಿಸಿಯೇ ತಿನ್ನಬೇಕು.

ಗಂಟೆಗೆ ಎಷ್ಟು?

ಈಗ ಮನೆಯ ಲೆಕ್ಕ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ. ಹಸನು ಮಾಡುವಾಗಿನ ಮತ್ತು ಬೀಸುವಾಗಿನ ನಷ್ಟ ಸೇರಿ ಕಿಲೋ ಹಿಟ್ಟಿಗೆ 1,050 ಗ್ರಾಂ ಕಾಳು ಬೇಕೆಂದರೆ ಕಾಳಿನ ಬೆಲೆ ಸುಮಾರು 39 ರೂಪಾಯಿ. ಗಿರಣಿಗೆ 5, ಇಂಧನಕ್ಕೆ 12 ರೂಪಾಯಿ ಹಿಡಿಯೋಣ. ಊರಿಂದೂರಿಗೆ ಇವು ಬದಲಾಗುತ್ತವೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಒಟ್ಟು 56 ರೂಪಾಯಿಗೆ 22 ರೊಟ್ಟಿ. ಒಂದಕ್ಕೆ ಎರಡೂವರೆ ರೂಪಾಯಿ ಬಿದ್ದಿತು. ಅಂಗಡಿಯಲ್ಲಿ 6 ರೂಪಾಯಿಯಾದರೆ 22ಕ್ಕೆ 132 ರೂಪಾಯಿ. ಇದನ್ನು ನೋಡಿಯೇ ಹಿರಿಯರು ದುಂದುಗಾರಿಕೆ ಎನ್ನುವುದು.

ಮನೆಯ ಲೆಕ್ಕದಲ್ಲಿ ಬಡಿದವಳ ಗಂಟೆಯನ್ನು ಸೊನ್ನೆಯೆಂದು ಬರೆದಿದ್ದೇವೆ. ಆ ಸೊನ್ನೆಯನ್ನು ತೆಗೆದರೆ 132 ಮತ್ತು 56ರ ನಡುವಿನ 76 ರೂಪಾಯಿ ಒಂದು ಗಂಟೆಯನ್ನು ಉಳಿಸಲು ಕೊಟ್ಟ ಬೆಲೆಯಾಗುತ್ತದೆ. ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46. ಬರಿಯ ಸರಾಸರಿಯಲ್ಲಿ ನೋಡಿದರೆ ವರ್ಷವಿಡೀ ರೊಟ್ಟಿ ಕೊಳ್ಳುವುದು ಕೂಲಿಯ ಮನೆಗೆ ಲಾಭವಲ್ಲ ಎಂದಾಗುತ್ತದೆ. ಆದರೆ ಎಲ್ಲ ಗಂಟೆಗಳೂ ಒಂದೇ ಬೆಲೆಯವಲ್ಲ. ಬೆಳಗಿನ ಆರರಿಂದ ಏಳರವರೆಗಿನ ಗಂಟೆ ತಪ್ಪಿದರೆ ಕೂಲಿಯಾಳುಗಳ ಟಂಟಂ ಹೋಗಿಬಿಡುತ್ತದೆ. ಅಂದಿನ ಪೂರ್ತಿ ದಿನದ ಕೂಲಿಯೇ ತಪ್ಪುತ್ತದೆ. ದ್ರಾಕ್ಷಿಯ ಚಾಟನಿ ಮತ್ತು ಕೊಯ್ಲು, ಜೋಳ ಕೀಳುವ ಮಾಘದ ದಿನಗಳು, ಇಂಥ ಹಂಗಾಮುಗಳಲ್ಲಿ ಕೊಂಡ ರೊಟ್ಟಿ ಖಂಡಿತವಾಗಿ ಮನೆಯ ಆದಾಯವನ್ನು ಕಾಯುತ್ತದೆ. ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ, ಮನೆಯಲ್ಲೊಬ್ಬರು ಇರುವಾಗ, ವಾರಕ್ಕೊಮ್ಮೆ ಒಟ್ಟಿಗೆ ಬಡಿದು ಒಣಗಿಸಿ ಇಟ್ಟುಕೊಳ್ಳುವುದೇ ಅಗ್ಗ. ಹಂಗಾಮು ನೋಡಿ ನಿರ್ಧರಿಸಬೇಕಾದ ಈ ವಿಷಯವನ್ನು ಸಂಸ್ಕೃತಿಯ ಅಳಿವು ಉಳಿವಿನ ಪ್ರಶ್ನೆಯನ್ನಾಗಿ ಮಾಡುವುದು ನನ್ನ ದೃಷ್ಟಿಯಲ್ಲಿ ಅನಾವಶ್ಯಕ.

ಅಂಗಡಿಯ 132 ರೂಪಾಯಿಯನ್ನು ಇನ್ನೊಂದು ಕಡೆಯಿಂದಲೂ ಬಿಡಿಸಬೇಕು. ಕಾಳಿಗೆ 39, ಗಿರಣಿಗೆ 5, ಇಂಧನಕ್ಕೆ 12, ಪೊಟ್ಟಣಕ್ಕೆ 6, ಅಂಗಡಿಯವರಿಗೆ ಶೇ. 15ರಂತೆ 20 ರೂಪಾಯಿ. ಇಪ್ಪತ್ತೆರಡರಲ್ಲಿ ಎರಡು ಒಡೆದವೆಂದರೆ 12 ರೂಪಾಯಿ ನಷ್ಟ. ಉಳಿಯುವುದು 38 ರೂಪಾಯಿ. ಒಂದು ಗಂಟೆ ಒಲೆಯ ಮುಂದೆ ಕುಳಿತ ಮಹಿಳೆಗೆ ಸಿಗಬಹುದಾದ ಗರಿಷ್ಠ ಮೊತ್ತ ಇದು. ಖಾತರಿ ಕೂಲಿಯ 46ಕ್ಕಿಂತ ಕಡಿಮೆ. ಗ್ರಾಹಕರು ಚೌಕಾಸಿ ಮಾಡಿ ದರವನ್ನು 5 ರೂಪಾಯಿಗೆ ಇಳಿಸಿದರೆ ಇದೇ ಲೆಕ್ಕದಲ್ಲಿ ಅವಳಿಗೆ ಉಳಿಯುವುದು ಸುಮಾರು 21 ರೂಪಾಯಿ. ಕಾಳಿನ ದರ ಇಳಿಯಲಿಲ್ಲ, ಗ್ಯಾಸಿನ ದರ ಇಳಿಯಲಿಲ್ಲ. ಇಳಿದದ್ದು ಅವಳ ಕೂಲಿ ಮಾತ್ರ. ಮನೆಯಲ್ಲಿ ಸೊನ್ನೆಯಾಗಿದ್ದ ಅದೇ ಗಂಟೆ ಉದ್ಯಮದಲ್ಲಿಯೂ ಸೊನ್ನೆಯ ಕಡೆಗೆ ಜಾರುವ ಅಪಾಯ ಇಲ್ಲಿದೆ. ಸ್ವಸಹಾಯ ಸಂಘಗಳಿಗೆ ಮಾರ್ಗದರ್ಶನ ನೀಡುವ ವಿಸ್ತರಣಾ ಕಾರ್ಯಕರ್ತರು ಯೋಜನಾ ವರದಿಯಲ್ಲಿ ಸದಸ್ಯೆಯರ ದುಡಿಮೆಯನ್ನು ‘ಸ್ವಂತ ಶ್ರಮ’ ಎಂದು ಬರೆದು ಬಿಟ್ಟುಬಿಡದೆ, ಗಂಟೆ ಲೆಕ್ಕದಲ್ಲಿ ಖರ್ಚಿನ ಸಾಲಿಗೆ ಸೇರಿಸಲೇಬೇಕು.

ರೈತರಿಗೆ ಸಂಬಂಧಿಸಿದ ಅಂಕಿ ಇದಕ್ಕಿಂತ ಆಶಾದಾಯಕವಾಗಿದೆ. ಉತ್ತಮ ರೊಟ್ಟಿ ಗುಣದ ಕಾಳಿಗೆ ಸಂಘವು ಕ್ವಿಂಟಲಿಗೆ 3,749ರ ಬದಲು 5,000 ರೂಪಾಯಿ ಕೊಟ್ಟಿತೆನ್ನಿ. ಬೆಳೆಗಾರರಿಗೆ 1,251 ರೂಪಾಯಿ ಹೆಚ್ಚು ಬಂತು. ಒಂದು ರೊಟ್ಟಿಯ ಮೇಲೆ ಬೀಳುವ ಹೊರೆ ಕೇವಲ 60 ಪೈಸೆ. ಹರಿಯದ, ಬೆಳ್ಳಗಿನ, ಸಿಹಿಯಾದ ರೊಟ್ಟಿಗೆ 60 ಪೈಸೆ ಹೆಚ್ಚು ಕೊಡಲು ಹಿಂಜರಿಯುವ ಗ್ರಾಹಕರು ವಿರಳ.

ತೆರಿಗೆ ಇಳಿಕೆಯಿಂದ ಯಾರಿಗೇನು?

ಸರಕು ಮಾರುವವರು ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ನಮ್ಮ ಬಹುತೇಕ ರೊಟ್ಟಿ ಕೇಂದ್ರಗಳು ಈ ಮಿತಿಯ ಒಳಗೇ ಇರುವುದರಿಂದ ಅವು ಹಿಂದೆಯೂ ತೆರಿಗೆ ಕಟ್ಟುತ್ತಿರಲಿಲ್ಲ, ಈಗಲೂ ಇಲ್ಲ. ಇಳಿಕೆಯ ನೇರ ಲಾಭ ದೊಡ್ಡ ಕಂಪನಿಗಳಿಗೆ. ಸಣ್ಣವರಿಗೆ ಇದ್ದ ಶೇ. 5ರ ಬೆಲೆಯ ಅನುಕೂಲ ತಪ್ಪಿಹೋಗಿದೆ. ಅದರ ಜೊತೆಗೆ ತೆರಿಗೆ ಮುಕ್ತ ಸರಕು ತಯಾರಿಸುವವರು ಪ್ಲಾಸ್ಟಿಕ್ ಪೊಟ್ಟಣದ ಮೇಲೆ ಕೊಟ್ಟ ಶೇ. 18ರ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ಹೀಗಾಗಿ ಕಂಪನಿಗಳ ರೊಟ್ಟಿಯೂ ಪೂರ್ತಿ ಶೇ. 5ರಷ್ಟು ಅಗ್ಗವಾಗುವುದೆಂದು ನಿರೀಕ್ಷಿಸಲಾಗದು.

ಪರೋಟದ ಕಥೆ ಪ್ರತ್ಯೇಕ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ಪೊಟ್ಟಣದ ಪರೋಟವನ್ನು ತಿನ್ನುವ ಮೊದಲು ಮತ್ತೆ ಬಿಸಿ ಮಾಡಬೇಕಾಗುವುದರಿಂದ ಅದು ರೊಟ್ಟಿಯ ಸಾಲಿಗೆ ಸೇರದು, ಶೇ. 18 ತೆರಿಗೆ ಸಲ್ಲಬೇಕು ಎಂದಿತ್ತು. ದೇಶವೆಲ್ಲ ನಕ್ಕ ಆ ತೀರ್ಪಿನಿಂದ ಖಡಕ್ ರೊಟ್ಟಿಯ ಒಂದು ಗುಣ ಎದ್ದು ಕಂಡಿತು: ಪೊಟ್ಟಣ ಬಿಚ್ಚಿ ನೇರವಾಗಿ ತಿನ್ನಬಹುದಾದ, ಶೀತಲ ಪೆಟ್ಟಿಗೆ ಬೇಡದ ಆಹಾರ ಇದು. ಆದರೆ ಹೆಸರು ಹಚ್ಚಿ ಪೊಟ್ಟಣ ಕಟ್ಟಿದ ಜೋಳದ ಹಿಟ್ಟಿಗೆ 2022ರ ಜುಲೈ 18ರಿಂದ ಶೇ. 5 ತೆರಿಗೆಯಿದೆ. ಬಿಡಿಯಾಗಿ ಅಳೆದು ಕೊಡುವ ಹಿಟ್ಟಿಗೆ ಅದಿಲ್ಲ. ಹಿಟ್ಟು ಮಾರಲೋ ರೊಟ್ಟಿ ಮಾರಲೋ ಎಂದು ಯೋಚಿಸುತ್ತಿರುವ ರೈತ ಉತ್ಪಾದಕ ಸಂಸ್ಥೆಗಳು ಇದನ್ನು ಗಮನದಲ್ಲಿಡಬೇಕು.

ಹೊಲದ ಕಡೆಗೆ

ದೇಶದಲ್ಲಿ 1970ರ ಸುಮಾರಿಗೆ 170 ಲಕ್ಷ ಹೆಕ್ಟೇರ್ ಮೀರಿದ್ದ ಜೋಳದ ಕ್ಷೇತ್ರ ಈಗ 50 ಲಕ್ಷ ಹೆಕ್ಟೇರಿಗೂ ಕೆಳಗೆ ಇಳಿದಿದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ವಿಶ್ವಸಂಸ್ಥೆ ಆಚರಿಸಿತು. ಸಭೆಗಳು ಬಹಳ ನಡೆದವು, ಎರೆಹೊಲದ ಜೋಳ ಮಾತ್ರ ಹಿಂದಕ್ಕೆ ಸರಿಯುತ್ತಲೇ ಇದೆ. ನಮ್ಮ ಜಿಲ್ಲೆಯಲ್ಲಿ ಏತ ನೀರಾವರಿಯ ನೀರು ತಲುಪಿದ ಕಡೆ ಕಬ್ಬು, ಮೆಕ್ಕೆಜೋಳ, ಮಳೆಯಾಶ್ರಿತದಲ್ಲಿ ತೊಗರಿ ಅದರ ಸ್ಥಾನಕ್ಕೆ ಬಂದಿವೆ. ಇಳುವರಿಗಿಂತಲೂ ಮುಖ್ಯವಾದ ಕಾರಣ ಕೊಯ್ಲಿನ ಆಳು. ಎತ್ತರದ ಮಾಲ್ದಂಡಿಯನ್ನು ಬುಡಸಮೇತ ಕೀಳುವ ಕೆಲಸಕ್ಕೆ ಜನ ಸಿಗುತ್ತಿಲ್ಲ.

ಆದರೂ ರೊಟ್ಟಿಗೆ ಬೇಕಾದ ಕಾಳು ಹಿಂಗಾರಿಯದೇ. ಮುಂಗಾರಿ ಸಂಕರಣ ಜೋಳ ತೆನೆ ಮಾಗುವಾಗ ಮಳೆಗೆ ಸಿಕ್ಕಿ ಬೂಷ್ಟು ಹಿಡಿಯುತ್ತದೆ, ಕಾಳು ಕಪ್ಪಾಗುತ್ತದೆ. ಹಿಂಗಾರಿಯಲ್ಲಿ ಮಣ್ಣಿನ ಉಳಿಕೆ ತೇವದ ಮೇಲೆ ಬೆಳೆದು ಒಣ ಹವೆಯಲ್ಲಿ ಮಾಗಿದ ಕಾಳು ಮುತ್ತಿನಂತಿರುತ್ತದೆ. ಮೋಹೋಳದಲ್ಲಿ ಸ್ಥಳೀಯ ಮಾಲ್ದಂಡಿಯಿಂದ ಆಯ್ದ ಎಂ 35-1 ತಳಿ ದಶಕಗಳ ನಂತರವೂ ರೊಟ್ಟಿಯ ಗುಣಕ್ಕೆ ಅಳತೆಗೋಲಾಗಿ ಉಳಿದಿದೆ. 1930ರ ದಶಕದಲ್ಲಿ ಒಣಬೇಸಾಯ ಸಂಶೋಧನೆಗಾಗಿ ಆರಂಭವಾದ ವಿಜಯಪುರ ಕೇಂದ್ರದಿಂದ ಬಂದ ಬಿಜೆವಿ-44 ತಳಿಯನ್ನೂ ಈ ಭಾಗದ ರೈತರು ಬಲ್ಲರು. ಕಾಳಿನ ಜೊತೆಗೆ ಕಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾರಹುಣ್ಣಿಮೆಯ ಕರಿಗೆ ಹೆಸರಾದ ಕಾಖಂಡಕಿಯಲ್ಲಿ ಎತ್ತು ಕಟ್ಟಿದವರಿಗೆ ಕಣಿಕೆಯ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಆದರೂ ಕಬ್ಬಿನೊಡನೆ ಹೋಲಿಸುವಾಗ ಬಹಳಷ್ಟು ಜನ ಕಾಳಿನ ಹಣವನ್ನಷ್ಟೇ ಬರೆಯುತ್ತಾರೆ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಹಸಿ ಹಣ್ಣಿನ ದರ ಕುಸಿದಾಗ ಮಣೂಕ ಮಾಡಿ ಕಾಯುವುದನ್ನು ಕಲಿತರು. ಜೋಳಕ್ಕೆ ಅಂಥ ದಾರಿ ರೊಟ್ಟಿಯೇ. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಡಿ ಕೇಂದ್ರದ ಶೇ. 35ರ ಸಹಾಯಧನಕ್ಕೆ ರಾಜ್ಯವು ಶೇ. 15 ಸೇರಿಸಿ ಒಟ್ಟು ಶೇ. 50ರವರೆಗೆ ನೆರವು ನೀಡುತ್ತಿದೆ. ಗರಿಷ್ಠ ಮಿತಿ 15 ಲಕ್ಷ ರೂಪಾಯಿ. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವೂ ಇದೆ. ಯಂತ್ರ ಕೊಳ್ಳುವ ಮುನ್ನ ನಿಮ್ಮದೇ ಹಿಟ್ಟನ್ನು ಒಯ್ದು ಅದರಲ್ಲಿ ಒತ್ತಿಸಿ ನೋಡಿ. ಒತ್ತುವಾಗ ಹರಿಯದಿರಲೆಂದು ಗೋಧಿ ಹಿಟ್ಟು ಅಥವಾ ಮೈದಾ ಬೆರೆಸುವುದುಂಟು. ಬೆರೆಸಿದರೆ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕು, ಏಕೆಂದರೆ ಗ್ಲುಟೆನ್ ಆಗದವರು ಜೋಳವೆಂದೇ ನಂಬಿ ಕೊಳ್ಳುತ್ತಾರೆ. ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ದಿನಾಂಕ ಇರಲಿ. ‘10 ರೊಟ್ಟಿ’ ಎಂದಷ್ಟೇ ಮುದ್ರಿಸುವುದು ಸಾಲದು. ಮಳೆಗಾಲದಲ್ಲಿ ರೊಟ್ಟಿ ಗಾಳಿಯ ತೇವವನ್ನು ಹೀರಿ ಮೆತ್ತಗಾಗಿ ಬೂಷ್ಟು ಹಿಡಿಯುವುದರಿಂದ ಪೂರ್ತಿ ಆರಿದ ಮೇಲೆ, ಬಿಸಿಯಿರುವಾಗ ಅಲ್ಲ, ಗಾಳಿಯಾಡದ ದಪ್ಪ ಪೊಟ್ಟಣದಲ್ಲಿ ಮುಚ್ಚಬೇಕು.

ಬೆಳೆಗಾರರು ಮಾಡಬೇಕಾದದ್ದು ರಾಶಿಯ ದಿನವೇ ಆರಂಭವಾಗುತ್ತದೆ. ಬೇರೆ ತಳಿಯ, ಬೇರೆ ಹೊಲದ ಕಾಳನ್ನು ಬೆರೆಸದೆ ಒಂದೇ ತಳಿಯ ರಾಶಿಯನ್ನು ಪ್ರತ್ಯೇಕವಾಗಿಡಿ. ತೇವಾಂಶ ಶೇ. 12ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಹಿಂದೆ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿಡುತ್ತಿದ್ದ ಕೆಲಸವನ್ನು ಈಗ ಗಾಳಿರೋಧಕ ಚೀಲಗಳು ಮಾಡುತ್ತವೆ. ನುಸಿ ಬೀಳದ ಕಾಳನ್ನು ಆಷಾಢ ಶ್ರಾವಣದವರೆಗೆ ಹಿಡಿದಿಡಬಹುದು. ದರ ಮಾತಾಡುವ ಮೊದಲು ಸಂಘದವರಿಗೆ ಎರಡು ಕಿಲೋ ಮಾದರಿ ಕೊಡಿ. ಅವರು ಬೀಸಿಸಿ, ಬಡಿದು, ಎಷ್ಟು ಹರಿದವು ಎಷ್ಟು ಉಬ್ಬಿದವು ಎಂದು ನೋಡಲಿ. ಕ್ವಿಂಟಲಿನ ಮಾತು ಅದಾದ ಮೇಲೆ.